ಕಂಬ ನೆಡೋಕೆ ಬಂದವರು

ಗೇಟಿನ ಹೊರಗೆ ಎತ್ತಿನ ಗಾಡಿ ನಿಂತ ಸದ್ದಾಯಿತು. ಉಮಾ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡೇ ಹೊರಗೆ ಬಂದಳು. ಗಾಡಿಯಲ್ಲಿ ಸರ್ವೆ ಮರದ ಕಂಬಗಳಿದ್ದವು. ಗಾಡಿಯವನು ಎತ್ತುಗಳಿಗೆ ಹುಲ್ಲು ಹಾಕುತ್ತಿದ್ದ. ಇನ್ನೊಬ್ಬ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು, ಒಂದು ಕಂಬವನ್ನು ಆಗಲೇ ಹೆಗಲಿಗೇರಿಸಿ ಗೇಟು ತೆಗೆಯುತ್ತಿದ್ದ.

"ಏಯ್, ಆ ಕಡೆಯಿಂದ ಬೇಡಪ್ಪ! ರಂಗೋಲಿ ಇದೆ, ಕಾಣ್ಸಲ್ವಾ? ಪಕ್ಕದ ಓಣಿಯಿಂದ ಹಿತ್ತಲಿಗೆ ಹೋಗು."

ಅವನು ರಂಗೋಲಿ ನೋಡಿದ. ಅವಳ ತಲೆಯ ಮೇಲಿನ ಟವೆಲ್ ನೋಡಿದ. ತುಟಿಯಂಚಿನಲ್ಲಿ ಏನೋ ಬಂದು ಹೋಯಿತು.

"ಆಗ್ಲಿ ಅಮ್ಮಾವ್ರೇ."

"ತೊಗಟೆ ಎಲ್ಲ ಉದುರ್ತಾ ಇದೆ. ಹೋಗೋವಾಗ ಗುಡಿಸಿ ಹೋಗ್ಬೇಕು."

"ಗುಡಿಸ್ತೀನಿ ಅಮ್ಮಾವ್ರೇ. ಪೊರಕೆ ನೀವು ಕೊಡ್ತೀರೋ, ನಾನೇ ತರ್ಬೇಕಿತ್ತೋ?"

ಆಳುಗಳು ಹೀಗೆ ಮಾತಾಡುವುದಿಲ್ಲ ಎಂದು ಅವಳಿಗೆ ಅನಿಸುವಷ್ಟರಲ್ಲಿ ಅಪ್ಪ ಬಾಗಿಲಿಗೆ ಬಂದರು. "ಅಯ್ಯೋ ಸಂಜೀವಯ್ಯ, ನೀವ್ಯಾಕೆ ಹೊರ್ತೀರಿ? ಇಳಿಸಿ, ಇಳಿಸಿ! ಉಮಾ, ಇವರೇ ಕಣಮ್ಮ, ನಮ್ಮ ಡ್ರಾಯಿಂಗ್ ಸೆಕ್ಷನ್ನಿನಲ್ಲಿ ನನ್ನ ಪಕ್ಕದ ಬೋರ್ಡಿನಲ್ಲಿ ಕೂರ್ತಿದ್ದೋರು. ಚಪ್ಪರದ ಪ್ಲ್ಯಾನ್ ಹಾಕಿಕೊಟ್ಟಿದ್ದೂ ಇವರೇ."

ಉಮಾಳ ಮುಖ ಕಿವಿಯವರೆಗೂ ಕೆಂಪಾಯಿತು. ಸಂಜೀವಯ್ಯ ಮಾತ್ರ ಕಂಬ ಇಳಿಸದೆ, ಓಣಿಯ ಕಡೆ ತಿರುಗಿ, "ಪರವಾಗಿಲ್ಲ ಸಾರ್, ಅಮ್ಮಾವ್ರು ದಾರಿ ತೋರ್ಸಿದಾರೆ" ಎಂದು ನಡೆದ.

ಅದು ಎಪ್ಪತ್ತೊಂಬತ್ತನೇ ಇಸವಿ. ಜಯನಗರದ ಸೆವೆಂತ್ ಬ್ಲಾಕಿನಲ್ಲಿ ಇನ್ನೂ ಖಾಲಿ ಸೈಟುಗಳಿದ್ದವು. ಗುರುಬಸಪ್ಪನವರು ಫ್ಯಾಕ್ಟರಿಯಿಂದ ರಿಟೈರಾಗಿ ಕೆಲವೇ ತಿಂಗಳಾಗಿತ್ತು. ಹೆಂಡತಿ ತೀರಿಕೊಂಡ ಮೇಲೆ ಮಗಳನ್ನು ಒಬ್ಬರೇ ಬೆಳೆಸಿದವರು. ಹಿತ್ತಲಲ್ಲಿ ದ್ರಾಕ್ಷಿ ಬಳ್ಳಿಯೊಂದಕ್ಕೆ ಚಪ್ಪರ ಹಾಕಿಸಿ, ಅದರ ನೆರಳಿನಲ್ಲಿ ಈಸಿಚೇರ್ ಹಾಕಿಕೊಂಡು ಪೇಪರ್ ಓದಬೇಕು ಅನ್ನುವುದು ಅವರ ಬಹಳ ದಿನದ ಆಸೆ. ಉಮಾಮಹೇಶ್ವರಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ವಯಸ್ಸು ಇಪ್ಪತ್ತಾರು ದಾಟಿತ್ತು. ತಿಪಟೂರಿನ ಸೋದರತ್ತೆ ಕಮಲಾದೇವಿ ಬಂದಾಗಲೆಲ್ಲ ಆ ವಯಸ್ಸನ್ನು ಜೋರಾಗಿ ಹೇಳುತ್ತಿದ್ದರು.

ಆರು ಕಂಬಗಳನ್ನು ನೆಡಬೇಕಿತ್ತು. ಗಟ್ಟಿಯಾಗಿ ಕೂತು ಮಾಡಿದರೆ ಒಂದು ದಿನದ ಕೆಲಸ. ಸಂಜೀವಯ್ಯ ಮೊದಲನೇ ಭಾನುವಾರ ಒಂದೇ ಕಂಬ ನೆಟ್ಟು ಕೈ ತೊಳೆದ.

"ಮಣ್ಣು ಕೂರಬೇಕು ಸಾರ್. ಮಿಕ್ಕಿದ್ದು ಮುಂದಿನ ವಾರ."

ಮೂವತ್ತು ವರ್ಷ ನಕ್ಷೆ ಬರೆದ ಗುರುಬಸಪ್ಪನವರು ಕನ್ನಡಕದ ಮೇಲಿನಿಂದ ಅವನನ್ನೂ, ಪೊರಕೆ ಹಿಡಿದು ನಿಂತಿದ್ದ ಮಗಳನ್ನೂ ನೋಡಿದರು. "ಹೌದೌದು. ಕೂರಲಿ, ಕೂರಲಿ" ಎಂದು ಒಳಗೆ ಹೋದರು.

ಭಾನುವಾರಗಳು ಹಾಗೆ ಶುರುವಾದವು.

ಸಂಜೀವಯ್ಯ ಗುಂಡಿ ತೋಡುವುದನ್ನು ಉಮಾ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು. ಆಮೇಲೆ ಹಿತ್ತಲ ಬಾಗಿಲಿನಿಂದ. ಆಮೇಲೆ ಗುಂಡಿಯ ಪಕ್ಕದಲ್ಲೇ ನಿಂತು. ಅವನು ಕಂಬದ ಬುಡಕ್ಕೆ ಡಾಂಬರು ಕಾಸಿ ಬಳಿಯುತ್ತಿದ್ದ. ಆ ವಾಸನೆಗೆ ಅವಳು ಸೆರಗು ಮೂಗಿಗೆ ಒತ್ತಿಕೊಳ್ಳುತ್ತಿದ್ದಳು.

"ಇದ್ಯಾಕೆ?"

"ಗೆದ್ದಲು ಹತ್ತಬಾರದಲ್ಲ. ಬೇಡ ಅಂದ್ರೆ ನಿಮ್ಮ ಪೌಡರ್ ಕೊಡಿ, ಹಚ್ಚಿ ನೋಡೋಣ."

"ಗೆದ್ದಲಿಗೆ ನನ್ನ ಪೌಡರ್ ಹಾಕೋಷ್ಟು ದೊಡ್ಡ ಮನಸ್ಸಿಲ್ಲ ನನಗೆ."

ಎರಡನೇ ಕಂಬವನ್ನು ಗುಂಡಿಗೆ ಇಳಿಸಿದಾಗ ಹಿಡಿದುಕೊಳ್ಳೋಕೆ ಯಾರೂ ಇರಲಿಲ್ಲ. "ಉಮಾ ಅವರೇ, ಸ್ವಲ್ಪ ಹಿಡ್ಕೋತೀರಾ? ಅಲ್ಲಾಡ್ಸಬೇಡಿ" ಎಂದು ಅವನು ದೂರ ಹೋಗಿ ನಿಂತು, ಒಂದು ಕಣ್ಣು ಮುಚ್ಚಿ, ದಾರಕ್ಕೆ ಕಟ್ಟಿದ ಕಲ್ಲನ್ನು ಮುಖದ ಮುಂದೆ ಇಳಿಬಿಟ್ಟು ನೋಡಿದ.

"ಎಡಕ್ಕೆ... ಇನ್ನೂ ಸ್ವಲ್ಪ... ಅಯ್ಯೋ, ನಿಮ್ಮ ಎಡ ಅಲ್ಲ, ನನ್ನ ಎಡ."

"ಮೊದಲೇ ಹೇಳ್ಬಾರದಾ?"

"ಹಾಂ, ಸರಿಯಾಯ್ತು. ಹಾಗೇ ಇರಿ."

ಅವಳು ಹಾಗೇ ಇದ್ದಳು. ಅವನೂ ಹಾಗೇ ನಿಂತಿದ್ದ, ಒಂದು ಕಣ್ಣು ಮುಚ್ಚಿಕೊಂಡೇ.

"ಸರಿಯಾಯ್ತು ಅಂದ್ರಲ್ಲ, ಇನ್ನೂ ಏನು ನೋಡ್ತಿದೀರಿ?"

"ಕಂಬ."

"ಕಂಬ ಇರೋದು ಈ ಕಡೆ."

ಅವನು ಕಣ್ಣು ಬಿಟ್ಟ. ಇಬ್ಬರೂ ನಕ್ಕರು. ಒಳಗಿನಿಂದ ಗುರುಬಸಪ್ಪನವರ ರೇಡಿಯೋ ಸ್ವಲ್ಪ ಜೋರಾಯಿತು.

ಒಂದು ಭಾನುವಾರ ಮಣ್ಣು ಕುಟ್ಟುತ್ತಾ ಅವನು ತಲೆ ಎತ್ತದೆಯೇ ಕೇಳಿದ. "ನಮ್ಮನೆ ಎಲ್ಲಿ ಅಂತ ನೀವು ಕೇಳ್ಲೇ ಇಲ್ಲ."

"ಇಟ್ಟಮಡು ಅಂತ ಅಪ್ಪ ಹೇಳಿದ್ರು."

"ಇಟ್ಟಮಡುನೇ. ಆದ್ರೆ ಊರೊಳಗಲ್ಲ. ಊರಾಚೆ, ಕೊನೇ ಸಾಲು. ನಮ್ಮಪ್ಪ ಪಿಳ್ಳಪ್ಪ ಅಂತ, ಕೂಲಿ ಮಾಡ್ತಾನೇ ಸತ್ತ. ಅವ್ವ ಈಗಲೂ ಕಟ್ಟಡದ ಕೆಲಸಕ್ಕೆ ಹೋಗ್ತಾಳೆ. ಬಿಡು ಅಂದ್ರೆ ಬಿಡಲ್ಲ." ಹಾರೆಯನ್ನು ನೆಲಕ್ಕೆ ಊರಿ ಅವಳನ್ನು ನೇರವಾಗಿ ನೋಡಿದ. "ನಾನು ಏನು ಹೇಳ್ತಿದೀನಿ ಅಂತ ಗೊತ್ತಾಯ್ತಲ್ಲ?"

"ಗೊತ್ತಾಯ್ತು. ನಮ್ಮಪ್ಪ ಅದನ್ನೆಲ್ಲ ನೋಡೋರಲ್ಲ."

"ಸಾರ್ ವಿಷಯ ನನಗೆ ಗೊತ್ತು. ಹತ್ತು ವರ್ಷ ಒಟ್ಟಿಗೆ ಊಟ ಮಾಡಿದೀವಿ. ನೀವು?"

"ನಾನು ಅವರ ಮಗಳೇ ಅಲ್ವಾ?"

ಅವನ ಮುಖದಲ್ಲಿ ಬಂದ ಬೆಳಕನ್ನು ಅವಳು ಅವತ್ತು ಇಡೀ ದಿನ ನೆನೆಸಿಕೊಂಡಳು. ಮಾರನೇ ದಿನ ಎಕ್ಸ್‌ಚೇಂಜಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಮದರಾಸಿನ ಲೈನನ್ನು ಬೊಂಬಾಯಿಗೆ ಚುಚ್ಚಿ ಬೈಸಿಕೊಂಡಳು.

ಆಮೇಲೆ ಅವಳ ಡ್ಯೂಟಿ ಮುಗಿಯುವ ಹೊತ್ತಿಗೆ ಅವನು ಲಾಲ್‌ಬಾಗಿನ ಗೇಟಿನ ಹತ್ತಿರ ಸೈಕಲ್ ಹಿಡಿದು ನಿಲ್ಲತೊಡಗಿದ. ಇಬ್ಬರೂ ಹುರಿದ ಕಡಲೆಕಾಯಿ ತಿನ್ನುತ್ತಾ ಬಂಡೆಯ ಮೇಲೆ ಕೂರುತ್ತಿದ್ದರು. ಅವನು ಕಡಲೆಕಾಯಿ ಬಿಡಿಸಿ ಬೀಜವನ್ನೆಲ್ಲ ಅವಳ ಕೈಗೆ ಹಾಕಿ, ಸಿಪ್ಪೆಯನ್ನು ತನ್ನ ಜೇಬಿಗೆ ತುಂಬಿಕೊಳ್ಳುತ್ತಿದ್ದ.

"ಸಾರ್ ಹತ್ರ ನಾನೇ ಮಾತಾಡ್ತೀನಿ ಉಮಾ."

"ಬೇಡ, ಬೇಡ. ನಾನೇ ಹೇಳ್ತೀನಿ. ನನ್ನ ಬಾಯಿಂದಾನೇ ಕೇಳ್ಬೇಕು ಅವರು."

"ಯಾವಾಗ?"

"ಹೇಳ್ತೀನಿ ಅಂದ್ನಲ್ಲ."

ಅವಳು ಹೇಳಲಿಲ್ಲ. ಬೆಳಿಗ್ಗೆ ಅಪ್ಪ ಪೂಜೆಗೆ ಕೂತಿರುತ್ತಿದ್ದರು, ಸಂಜೆ ಯಾರೋ ಬಂದಿರುತ್ತಿದ್ದರು. ಎದುರಿಗೆ ಅಪ್ಪ ಒಬ್ಬರೇ ಕೂತಿದ್ದಾಗಲೂ ಕಾಫಿ ಬೇಕಾ ಎಂದು ಕೇಳಿ ಎದ್ದುಬಿಡುತ್ತಿದ್ದಳು. ಅವಳಿಗೆ ಅಪ್ಪನ ಭಯ ಇರಲಿಲ್ಲ. ಅಪ್ಪನ ಹಿಂದೆ ನಿಂತ ತಿಪಟೂರು, ತುಮಕೂರು, ಮದುವೆ ಮನೆಗಳಲ್ಲಿ ಸಾಲಾಗಿ ಕೂತು ಪಿಸುಗುಟ್ಟುವ ಹೆಂಗಸರು, ಅವರೆಲ್ಲ ಕಣ್ಣ ಮುಂದೆ ಬರುತ್ತಿದ್ದರು. ಚಪ್ಪರ ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡಳು.

ಕೊನೆಯ ಕಂಬ ನೆಡುವ ಭಾನುವಾರ ಬಂತು.

ಗುಂಡಿ ತೋಡಿ, ತಳಕ್ಕೆ ಜಲ್ಲಿ ಹಾಕಿ, ಕಂಬ ಇಳಿಸಿದ್ದಾಗಿತ್ತು. ಉಮಾ ಹಿಡಿದುಕೊಂಡಿದ್ದಳು. ಈ ಸಲ ಅವನು ದೂರ ಹೋಗಲಿಲ್ಲ. ಎದುರಿಗೇ ನಿಂತು ಅವನೂ ಹಿಡಿದುಕೊಂಡ, ಅವಳ ಕೈಗಳ ಮೇಲೆ.

"ನೆಟ್ಟಗಿದೆಯಾ ಅಂತ ನೋಡಲ್ವಾ?" ಅವಳು ಕೇಳಿದಳು.

"ಸೊಟ್ಟಗಿದ್ರೂ ಇರ್ಲಿ."

"ಛೀ, ಅಪ್ಪ ಬೈತಾರೆ."

"ಬೈಯಲ್ಲ. ಅಳಿಯಂದ್ರನ್ನ ಬೈಯೋಕಾಗುತ್ತಾ?"

ಅವಳು ಜೋರಾಗಿ ನಕ್ಕಳು. ಆ ನಗು ಇನ್ನೂ ಮುಗಿದಿರಲಿಲ್ಲ, ಓಣಿಯ ಕಡೆಯಿಂದ ಕಮಲಾದೇವಿ ಅತ್ತೆ ಬಂದರು. ಹೇಳದೆ ಕೇಳದೆ ತಿಪಟೂರಿನಿಂದ ಬೆಳಗಿನ ಬಸ್ಸಿಗೆ ಬಂದಿದ್ದರು. ಅವರ ಹಿಂದೆ ಬಿಳಿ ಪಂಚೆಯ, ಹಣೆ ತುಂಬ ವಿಭೂತಿಯ ಹಿರಿಯರೊಬ್ಬರಿದ್ದರು. ಶಾಂತವೀರಪ್ಪನವರು, ಕೊಬ್ಬರಿ ಮಂಡಿಯವರು. ಅವರ ಮಗನ ವಿಷಯ ಅತ್ತೆ ಹೋದ ಸಲವೇ ಎತ್ತಿದ್ದರು. ಗುರುಬಸಪ್ಪನವರು ಅವರಿಬ್ಬರ ಹಿಂದೆಯೇ, ಹಿತ್ತಲ ಮೆಟ್ಟಿಲ ಹತ್ತಿರ ಬಂದು ನಿಂತರು.

ಉಮಾ ಕೈ ಕಿತ್ತುಕೊಂಡಳು. ಕಂಬ ವಾಲಿತು. ಸಂಜೀವಯ್ಯ ಒಬ್ಬನೇ ಅದನ್ನು ತಬ್ಬಿ ಹಿಡಿದ.

"ಯಾರೇ ಇದು?" ಅತ್ತೆ ಕೇಳಿದರು.

ಹಿತ್ತಲಿನಲ್ಲಿ ಎಲ್ಲರೂ ಅವಳ ಮುಖ ನೋಡುತ್ತಿದ್ದರು. ಅತ್ತೆ, ಆ ಹಿರಿಯರು, ಅಪ್ಪ. ಸಂಜೀವಯ್ಯನೂ. ಅವನ ಕಣ್ಣಿನಲ್ಲಿ ಹೆದರಿಕೆ ಇರಲಿಲ್ಲ. ಏನೋ ಒಂದು ಒಳ್ಳೆಯ ಸುದ್ದಿಗೆ ಕಾಯುವವನ ಹಾಗೆ ನೋಡುತ್ತಿದ್ದ. ಅದು ಯಾಕೆ ಎಂದು ಅವಳಿಗೆ ಆಗ ಅರ್ಥವಾಗಲಿಲ್ಲ.

"ಯಾರೂ ಇಲ್ಲ ಅತ್ತೆ" ಎಂದಳು ಉಮಾ. "ಕಂಬ ನೆಡೋಕೆ ಬಂದಿರೋ ಆಳು."

ಅವಳ ದನಿ ಸ್ವಲ್ಪವೂ ನಡುಗಲಿಲ್ಲ. ದಿನಾ ನೂರಾರು ಜನಕ್ಕೆ "ಲೈನಿನಲ್ಲಿರಿ" ಎಂದು ಹೇಳಿ ಹೇಳಿ ಪಳಗಿದ ದನಿ.

"ಆಳು ಇದ್ಮೇಲೆ ನೀನ್ಯಾಕೆ ಕಂಬ ಹಿಡ್ಕೊಂಡು ನಿಂತಿದೀಯ? ಮೈಯೆಲ್ಲ ಮಣ್ಣು. ನಡಿ, ಮುಖ ತೊಳ್ಕೊ." ಅತ್ತೆ ಅವನ ಕಡೆ ತಿರುಗಿದರು. "ಏನಪ್ಪ, ಬೇಗ ಮುಗಿಸು. ಮನೆಗೆ ನೆಂಟರು ಬಂದಿದಾರೆ."

ಮಾತಾಡಲು ಬಾಯಿ ತೆರೆದಿದ್ದ ಗುರುಬಸಪ್ಪನವರು ಹಾಗೇ ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಆಗ್ಲಿ" ಎಂದ ಸಂಜೀವಯ್ಯ.

ಒಳಗೆ ಉಪ್ಪಿಟ್ಟು, ಕಾಫಿ ಆಯಿತು. ಶಾಂತವೀರಪ್ಪನವರು ಅವಳ ಕೆಲಸ, ಸಂಬಳ, ಶಿಫ್ಟು ಎಲ್ಲ ಕೇಳಿದರು. ಅವಳು ಉತ್ತರ ಕೊಡುತ್ತಿದ್ದಳು. ಹಿತ್ತಲಿನಿಂದ ಮಣ್ಣು ಕುಟ್ಟುವ ಸದ್ದು ಬರುತ್ತಿತ್ತು, ಒಂದೇ ಸಮ, ಎಲ್ಲೂ ನಿಲ್ಲದೆ.

"ಆ ಆಳಿಗೂ ಒಂಚೂರು ಕಾಫಿ ಕೊಡು ಪಾಪ" ಎಂದರು ಅತ್ತೆ. "ಆ ಅಲ್ಯೂಮಿನಿಯಂ ಲೋಟದಲ್ಲಿ ಕೊಡು."

ಅವಳೇ ತೆಗೆದುಕೊಂಡು ಹೋದಳು. ಆಗಲಾದರೂ ಸ್ಟೀಲ್ ಲೋಟಕ್ಕೆ ಬಗ್ಗಿಸಬಹುದಿತ್ತು. ಅತ್ತೆ ಅಡುಗೆಮನೆ ಬಾಗಿಲಿನಲ್ಲೇ ನಿಂತಿದ್ದರು.

ಸಂಜೀವಯ್ಯ ಕಂಬ ನೆಟ್ಟು ಮುಗಿಸಿದ್ದ. ಲೋಟ ತೆಗೆದುಕೊಂಡು ಎಲ್ಲವನ್ನೂ ಕುಡಿದ. ನಲ್ಲಿಯ ಹತ್ತಿರ ಹೋಗಿ ತೊಳೆದ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬೋರಲು ಹಾಕಿದ. ಅವನ ಅಪ್ಪ ಯಾರ ಯಾರ ಹಿತ್ತಲಿನಲ್ಲೋ ಜೀವನಪೂರ್ತಿ ಮಾಡಿದ ಕೆಲಸ ಅದು. ಅವನ ಕೈಗೆ ಹೇಳಿಕೊಡಬೇಕಾಗಿರಲಿಲ್ಲ.

"ಸಂಜೀವ್, ನಾನು ಆಮೇಲೆ..." ಅವಳು ಪಿಸುಗುಟ್ಟಿದಳು.

"ಕಾಫಿ ಚೆನ್ನಾಗಿತ್ತು ಅಮ್ಮಾವ್ರೇ" ಎಂದ ಅವನು. ಈ ಸಲ ತುಟಿಯಂಚಿನಲ್ಲಿ ಏನೂ ಇರಲಿಲ್ಲ. ಪೊರಕೆ ಹುಡುಕಿ, ಉದುರಿದ ತೊಗಟೆಯನ್ನೆಲ್ಲ ಗುಡಿಸಿ ಒಂದು ಮೂಲೆಗೆ ಒಟ್ಟಿ, ಓಣಿಯಿಂದ ಹೊರಟುಹೋದ.

ಮುಂದಿನ ಭಾನುವಾರ ಅವನು ಬರಲಿಲ್ಲ. ಕಂಬಗಳ ಮೇಲೆ ಅಡ್ಡ ಗಳ ಕಟ್ಟುವ ಕೆಲಸ ಹಾಗೇ ಉಳಿಯಿತು. ಲಾಲ್‌ಬಾಗಿನ ಗೇಟಿನಲ್ಲೂ ಅವನಿರಲಿಲ್ಲ. ಉಮಾ ದಿನಾ ಅಲ್ಲಿ ಇಳಿದು, ಕಾದು, ಮತ್ತೆ ಬಸ್ಸು ಹತ್ತುತ್ತಿದ್ದಳು. ಸಿಟ್ಟು ಇಳಿದರೆ ಬರುತ್ತಾನೆ, ಕೈ ಹಿಡಿದು ಕ್ಷಮೆ ಕೇಳಿದರೆ ಸರಿಹೋಗುತ್ತಾನೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ತಿಪಟೂರಿನಿಂದ ಒಪ್ಪಿಗೆ ಬಂತು. ಅವತ್ತು ಸಂಜೆ ಗುರುಬಸಪ್ಪನವರು ಮಗಳನ್ನು ಕರೆದು ಎದುರಿಗೆ ಕೂರಿಸಿಕೊಂಡರು.

"ಶಾಂತವೀರಪ್ಪನವರ ಕಡೆ ಹುಡುಗಿ ಒಪ್ಪಿಗೆ ಅಂತೆ. ಏನು ಹೇಳ್ಲಮ್ಮ?"

ಆಗ ಅವಳಿಗೆ ತಡೆಯಲಾಗಲಿಲ್ಲ. ಅಳುತ್ತಾ ಎಲ್ಲ ಹೇಳಿದಳು. ಲಾಲ್‌ಬಾಗು, ಭಾನುವಾರಗಳು, ಅವನಿಗೆ ಕೊಟ್ಟ ಮಾತು. "ನಾನು ಅವರನ್ನೇ ಮದುವೆ ಆಗೋದು ಅಪ್ಪ. ಅವರ ಜಾತಿ ಯಾವುದಾದ್ರೂ ಆಗ್ಲಿ. ನೀವು ಬೇಡ ಅಂದ್ರೂ ಸರಿ."

ಗುರುಬಸಪ್ಪನವರು ಕನ್ನಡಕ ತೆಗೆದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಬಹಳ ದಣಿದವರ ಹಾಗೆ ಕಂಡರು.

"ನನಗೆ ಗೊತ್ತಿತ್ತು ಮಗಳೇ."

"ಗೊತ್ತಿತ್ತಾ?"

"ಸಂಜೀವಯ್ಯ ಬಂದು ಕೇಳಿದ್ರು. ಆ ಕೊನೇ ಭಾನುವಾರ ಬೆಳಿಗ್ಗೆ, ನೀನು ಸ್ನಾನಕ್ಕೆ ಹೋಗಿದ್ದಾಗ. ‘ಉಮಾ ಅವರೇ ಹೇಳ್ತೀನಿ ಅಂದಿದಾರೆ ಸಾರ್, ಆದ್ರೆ ನಿಮ್ಮ ಮನೇಲಿ ಕಳ್ಳನ ಥರ ಓಡಾಡೋಕೆ ನನಗಾಗಲ್ಲ’ ಅಂದ್ರು. ನಾನು ಹೇಳ್ದೆ, ನನಗೆ ಸಂತೋಷ, ಅವಳು ಒಂದು ಸಲ ಬಾಯಿಬಿಟ್ಟು ಹೇಳ್ಲಿ, ಯಾರು ಎದುರು ನಿಂತ್ರೂ ನಾನು ನಿಂತ್ಕೊಂಡು ಮದುವೆ ಮಾಡಿಸ್ತೀನಿ ಅಂತ." ಅವರು ಕನ್ನಡಕವನ್ನು ಪಂಚೆಯಿಂದ ಒರೆಸಿದರು. "ನಿಮ್ಮತ್ತೆ ಕೇಳಿದಾಗ, ನೀನು ಹೇಳೇಬಿಡ್ತೀಯ ಅಂದ್ಕೊಂಡೆ. ನೀನು ಸುಮ್ನೆ ನಿಂತಿದ್ರೂ ಸಾಕಿತ್ತು, ನಾನೇ ಹೇಳ್ತಿದ್ದೆ. ಬಾಯಿ ತೆಗೆದೂ ಇದ್ದೆ. ಅಷ್ಟರಲ್ಲಿ ನೀನು ಆಳು ಅಂದುಬಿಟ್ಟೆ."

"ಆಮೇಲಾದ್ರೂ ಯಾಕೆ ಕೇಳ್ಲಿಲ್ಲ ಅಪ್ಪ?"

"ಏನಂತ ಕೇಳ್ಲಿ? ಎಷ್ಟು ಸಲೀಸಾಗಿ ಹೇಳ್ದೆ ನೀನು. ನಿನಗೆ ಮನಸ್ಸಿಲ್ಲ, ಆ ಹುಡುಗ ಏನೋ ತಪ್ಪು ತಿಳ್ಕೊಂಡಿದಾನೆ ಅಂದ್ಕೊಂಡೆ."

ಉಮಾ ಎದ್ದು ಚಪ್ಪಲಿ ಮೆಟ್ಟಿದಳು. ಅಪ್ಪ ತಡೆಯಲಿಲ್ಲ.

ಇಟ್ಟಮಡುವಿನ ಕೊನೇ ಸಾಲನ್ನು ಕೇಳಿಕೊಂಡು ಹೋಗುವಷ್ಟರಲ್ಲಿ ಬಿಸಿಲು ಇಳಿದಿತ್ತು. ಹೆಂಚಿನ ಮನೆಯ ಮುಂದೆ ಸಂಜೀವಯ್ಯ ಒಂದು ಟ್ರಂಕಿಗೆ ಹಗ್ಗ ಬಿಗಿಯುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ. ಆಶ್ಚರ್ಯಪಡಲಿಲ್ಲ.

"ಬನ್ನಿ" ಎಂದ. ಚಾಪೆ ಹಾಸಿದ. ಅವಳು ಕೂರಲಿಲ್ಲ.

"ಟ್ರಂಕ್ ಯಾಕೆ?"

"ಹೈದರಾಬಾದ್ ಯೂನಿಟ್ಟಿಗೆ ಹೋಗ್ತಿದೀನಿ. ಫ್ಯಾಕ್ಟರಿಯಲ್ಲಿ ಕೇಳಿದ್ರು, ಹೂಂ ಅಂದೆ."

"ಅಪ್ಪ ಎಲ್ಲ ಹೇಳಿದ್ರು. ನೀವು ಅವತ್ತೇ ಕೇಳಿದ್ರಂತೆ. ಅದಕ್ಕೇ ನೀವು ಹಾಗೆ ನೋಡ್ತಿದ್ರಿ ನನ್ನ." ಅವಳ ದನಿ ಈಗ ನಡುಗುತ್ತಿತ್ತು. "ನನಗೆ ಗೊತ್ತಿರ್ಲಿಲ್ಲ ಸಂಜೀವ್. ಅಪ್ಪ ಒಪ್ಪಿದಾರೆ ಅಂತ ಗೊತ್ತಿದ್ದಿದ್ರೆ..."

"ಗೊತ್ತಿದ್ದಿದ್ರೆ ಹೇಳ್ತಿದ್ರಿ. ಹೌದು."

ಅವನು ಅದನ್ನು ಕೊಂಕಾಗಿ ಹೇಳಲಿಲ್ಲ. ಅದಕ್ಕೇ ಅವಳಿಗೆ ಹೆಚ್ಚು ನೋವಾಯಿತು.

"ಈಗ ಹೇಳಿದೀನಿ. ಅತ್ತೆಗೂ ಹೇಳ್ತೀನಿ. ತಿಪಟೂರಿಗೆ ಹೋಗಿ ಬೀದಿಯಲ್ಲಿ ನಿಂತು ಹೇಳು ಅಂದ್ರೂ ಹೇಳ್ತೀನಿ. ನಾನು ಅಂದಿದ್ದು ತಪ್ಪು. ನಿಮ್ಮನ್ನ ಆಳು ಅಂದುಬಿಟ್ಟೆ."

"ಆಳು ಅಂದಿದ್ದಕ್ಕೆ ನನಗೆ ಬೇಜಾರಿಲ್ಲ ಉಮಾ. ನಮ್ಮಪ್ಪ ಆಳೇ. ನಮ್ಮವ್ವ ಈಗ ದಿನವೆಲ್ಲ ತಲೆ ಮೇಲೆ ಇಟ್ಟಿಗೆ ಹೊತ್ತು ಬರ್ತಾಳೆ ನೋಡಿ. ‘ಯಾರೂ ಇಲ್ಲ’ ಅಂದ್ರಲ್ಲ, ಅದು."

ಅವಳು ಅವನ ತೋಳು ಹಿಡಿದುಕೊಂಡಳು. ಅವನು ಬಿಡಿಸಿಕೊಳ್ಳಲಿಲ್ಲ.

"ಪ್ರೀತಿ ಇಲ್ವಾ ಈಗ?"

"ಇದೆ. ಅದೇ ಕಷ್ಟ." ಅವನು ಟ್ರಂಕಿನ ಕಡೆ ನೋಡಿದ. "ಮದುವೆ ಆಗ್ತೀವಿ ಅಂದ್ಕೊಳ್ಳಿ. ನಿಮ್ಮ ಕಡೆ ಯಾರದೋ ಮನೆ ಫಂಕ್ಷನ್ನು. ನಮ್ಮವ್ವನೂ ಬಂದಿರ್ತಾಳೆ. ಯಾರೋ ಕೇಳ್ತಾರೆ, ಯಾರಮ್ಮ ಈಕೆ ಅಂತ. ನೀವು ಸರಿಯಾಗೇ ಹೇಳ್ತೀರಿ, ನನಗೆ ನಂಬಿಕೆ ಇದೆ. ಆದ್ರೂ ಆ ಒಂದು ಗಳಿಗೆ ನಾನು ನಿಮ್ಮ ಬಾಯಿ ನೋಡ್ತಾ ನಿಂತಿರ್ತೀನಿ. ಪ್ರತಿ ಸಲ. ಸಾಯೋವರೆಗೂ. ನನಗಾಗಲ್ಲ ಅದು."

"ಒಂದೇ ಒಂದು ಸಲ ತಪ್ಪಿದೆ ನಾನು."

"ಹೌದು, ಒಂದೇ ಸಲ."

ಅವನ ಕಣ್ಣು ತುಂಬಿತ್ತು. ಅವಳು ಇನ್ನೂ ಏನೇನೋ ಹೇಳಿದಳು, ಬೇಡಿಕೊಂಡಳು, ಕೊನೆಗೆ ಸಿಟ್ಟಿನಿಂದ, "ನೀವು ಹೆದರುಪುಕ್ಕಲು" ಎಂದೂ ಬೈದಳು. ಅವನು ಎಲ್ಲಕ್ಕೂ ತಲೆಯಾಡಿಸಿದ. ಕತ್ತಲಾಗುತ್ತಿದೆ, ಬಸ್ ಸ್ಟಾಪಿನವರೆಗೂ ಬಿಡುತ್ತೇನೆ ಎಂದಾಗ ಅವಳು ಬೇಡ ಎಂದಳು.

ಅಷ್ಟರಲ್ಲಿ ಅವನ ಅವ್ವ ಸಪ್ಪಲಮ್ಮ ಕೆಲಸ ಮುಗಿಸಿ ಬಂದರು. ತಲೆಯ ಸಿಂಬಿಯನ್ನು ಕೈಯಲ್ಲಿ ಹಿಡಿದಿದ್ದರು. ಸೀರೆಗೆಲ್ಲ ಸಿಮೆಂಟು ಮೆತ್ತಿತ್ತು. ಬಾಗಿಲಿನಲ್ಲಿ ಅಳುತ್ತ ನಿಂತ ಹುಡುಗಿಯನ್ನೂ ಒಳಗೆ ಹೋಗುತ್ತಿದ್ದ ಮಗನನ್ನೂ ನೋಡಿ, "ನಡಿ ತಾಯಿ, ನಾಯಿಗಳವೆ, ರೋಡಿನ ಗಂಟ ಬತ್ತೀನಿ" ಎಂದು ಜೊತೆಗೆ ಹೊರಟರು.

ಮೇನ್ ರೋಡಿನ ಹತ್ತಿರ ಸಪ್ಪಲಮ್ಮ ಮೆಲ್ಲಗೆ ಕೇಳಿದರು.

"ನೀನು ಯಾರಾಗಬೇಕು ತಾಯಿ? ನಮ್ಮ ಹುಡುಗನ ಆಪೀಸಿನೋಳಾ?"

ಉಮಾ ನಿಂತಳು. ಸ್ಟಾಪಿನಲ್ಲಿ ಐದಾರು ಜನರಿದ್ದರು. ಕೇಳಿಸಿದರೆ ಕೇಳಿಸಲಿ ಅನ್ನಿಸಿತು.

"ಅಲ್ಲಮ್ಮ. ನಾನು ಅವರನ್ನ ಮದುವೆ ಆಗ್ಬೇಕು ಅಂತಿದ್ದೋಳು."

ಸಪ್ಪಲಮ್ಮ ಅವಳ ಮುಖವನ್ನೇ ನೋಡಿದರು. ಸಿಂಬಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಸೀರೆಗೆ ಕೈ ಒರೆಸಿಕೊಂಡು, ಅವಳ ಕೆನ್ನೆ ಮುಟ್ಟಿದರು. ಒರಟು ಬೆರಳುಗಳು.

"ನನ್ನ ತಾವ ಒಂದ್ ಮಾತೂ ಹೇಳ್ನಿಲ್ವಲ್ಲ ಅವನು."

"ನಾನೇ ಹೇಳ್ಬೇಕಿತ್ತಮ್ಮ."

"ಈಗ ಏನಂದ?"

"ಬೇಡ ಅಂದ್ರು."

ಬಸ್ಸಿನ ಬೆಳಕು ತಿರುವಿನಲ್ಲಿ ಕಾಣಿಸಿತು. ಸಪ್ಪಲಮ್ಮ ಒಮ್ಮೆ ಮನೆಯ ಕಡೆ ತಿರುಗಿ ನೋಡಿದರು. ಈಗ ಓಡಿ ಹೋಗಿ ಮಗನಿಗೆ ಏನಾದರೂ ಹೇಳಬೇಕೇನೋ ಎಂಬಂತೆ ಎರಡು ಹೆಜ್ಜೆ ಇಟ್ಟು ನಿಂತರು. ಆಮೇಲೆ ತಲೆ ಅಲ್ಲಾಡಿಸಿದರು.

"ಅವನು ಬ್ಯಾಡ ಅಂದ್ರೆ ಬ್ಯಾಡವೇ ಕಣವ್ವ. ಅವರಪ್ಪನೂ ಹಂಗೇ ಇದ್ದ." ಬಸ್ಸು ಬಂದು ನಿಂತಾಗ ಅವಳ ಬೆನ್ನಿಗೆ ಕೈ ಹಾಕಿ ಅದರ ಬಾಗಿಲ ಕಡೆ ತಳ್ಳಿದರು. "ಹತ್ತು ತಾಯಿ. ಇದು ಹೋದ್ರೆ ಇನ್ನೊಂದು ಯಾವಾಗ್ಲೋ."

ಉಮಾ ಹತ್ತಿದಳು. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಬಸ್ಸು ಹೊರಟ ಮೇಲೂ ಸಪ್ಪಲಮ್ಮ ಅಲ್ಲೇ ನಿಂತಿದ್ದರು. ಸ್ಟಾಪಿನಲ್ಲಿದ್ದ ಹೆಂಗಸೊಬ್ಬಳು ಉಮಾಳ ಕಡೆ ಕೈ ತೋರಿಸಿ ಅವರನ್ನು ಏನೋ ಕೇಳಿದಳು. ಅದಕ್ಕೆ ಅವರು ಏನು ಹೇಳಿದರೋ, ಉಮಾಳಿಗೆ ಕೇಳಿಸಲಿಲ್ಲ.